ಬಿಳಿಗಿರಿಯ ಮೇಲೆ ಹಿಮ ಬೀಳುವುದೆಂದು?

ಮಾರ್ಗಶಿರ ಮಾಸದ ಮುಂಜಾವಿನಲ್ಲಿ ಬಿಳಿಗಿರಿರಂಗನ ಬೆಟ್ಟದ ದೇವಾಲಯದ ಬಳಿ, ಬಂಡೆಯ ಅಂಚಿನಲ್ಲಿ ನಿಂತವರಿಗೆ ಕೆಳಗಿನ ಊರುಗಳು ಕಾಣುವುದಿಲ್ಲ. ಯಳಂದೂರಿನ ಗದ್ದೆಬಯಲು, ಕೊಳ್ಳೇಗಾಲದ ಕಡೆಯ ತೋಟಗಳು, ಕೆರೆಗಳು ಎಲ್ಲವನ್ನೂ ಮಂಜು ಮುಚ್ಚಿಬಿಟ್ಟಿರುತ್ತದೆ. ಹಾಲಿನ ಕಡಲೊಂದು ಬೆಟ್ಟದ ಬುಡಕ್ಕೆ ಬಂದು ನಿಂತಂತೆ ತೋರುತ್ತದೆ. ಪಟ್ಟಣದಿಂದ ಮಕ್ಕಳು ಮರಿಗಳೊಡನೆ ಬಂದವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದೆದುಕೊಂಡು, "ಕಾಶ್ಮೀರಕ್ಕೆ ಹೋಗಬೇಕಾದದ್ದೇ ಇಲ್ಲ!" ಎಂದು ಉದ್ಗರಿಸುವುದುಂಟು. ಅವರಲ್ಲಿ ಯಾರಾದರೊಬ್ಬರು, "ಇನ್ನು ನಾಲ್ಕು ಡಿಗ್ರಿ ಇಳಿದರೆ ಹಿಮವೇ ಬಿದ್ದೀತು" ಎಂದು ಆಸೆಪಡುವುದೂ ಉಂಟು.

ಬೆಟ್ಟದ ಹೆಸರೇ ಬಿಳಿಗಿರಿ. ಸಂಸ್ಕೃತದಲ್ಲಿ ಶ್ವೇತಾದ್ರಿ. ಬಿಳಿಯ ಬಂಡೆಯಿಂದ ಈ ಹೆಸರು ಬಂತೆನ್ನುವವರು ಕೆಲವರು. ಬೆಟ್ಟವನ್ನು ಮುಸುಕುವ ಬಿಳಿಯ ಮಂಜಿನಿಂದ ಬಂತೆನ್ನುವವರು ಕೆಲವರು. ಹಿಮದಿಂದ ಬಂತೆಂದವರು ಮಾತ್ರ ಯಾರೂ ಇಲ್ಲ. ಆದರೂ ಆಸೆಗೆ ಕಡಿವಾಣವೆಲ್ಲಿ?

ಡಿಗ್ರಿ ಎಣಿಸುವ ಹವ್ಯಾಸಿಗಳು

ಅಂಚೆಚೀಟಿ ಕೂಡಿಸುವವರಂತೆ, ಹಕ್ಕಿ ನೋಡುವವರಂತೆ, ಹವೆಯನ್ನು ನೋಡುವ ಹವ್ಯಾಸಿಗಳೂ ಇದ್ದಾರೆ. ದೀಪಾವಳಿ ಕಳೆದೊಡನೆ ಅವರ ಹಬ್ಬ ಆರಂಭವಾಗುತ್ತದೆ. ಹವಾಮಾನ ಇಲಾಖೆಯು ಬೆಳಗಿನ 8.30ಕ್ಕೆ ಗುರುತಿಸುವ ಕನಿಷ್ಠ ಉಷ್ಣತೆ ಎಷ್ಟೆಂಬುದೇ ಅವರ ದಿನದ ಮೊದಲ ಪ್ರಶ್ನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿಗಳಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಟ್ಟ ಮೇಲಂತೂ ಹನೂರಿನವರು ಹನೂರಿನ ಚಳಿಯನ್ನೂ ಯಳಂದೂರಿನವರು ಯಳಂದೂರಿನ ಚಳಿಯನ್ನೂ ಅಂಕಿಗಳಲ್ಲೇ ಹೇಳಬಲ್ಲರು.

ಇಂಥವರಿಗೆ ಹಳೆಯ ದಾಖಲೆಗಳೆಂದರೆ ಪುರಾಣಕಥೆಗಳಂತೆ ಪ್ರಿಯ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಬೀದರಿನಲ್ಲಿ 1918ರ ಡಿಸೆಂಬರ್ 16ರಂದು 2.8 ಡಿಗ್ರಿ ದಾಖಲಾಯಿತು. ಇದು ಬಯಲುಸೀಮೆಯ ಮಟ್ಟಿಗೆ ದೊಡ್ಡ ಚಳಿಯೇ ಸರಿ. ಆದರೆ ನೀರು ಹೆಪ್ಪುಗಟ್ಟುವ ಸೊನ್ನೆಯನ್ನು ಅದೂ ಮುಟ್ಟಲಿಲ್ಲ.

ಹಿಮದ ಅನುಭವ ಈ ನಾಡಿಗೆ ಎಷ್ಟು ದೂರದ್ದೆಂಬುದನ್ನು ಭಾಷೆಯೇ ಸಾರುತ್ತದೆ. ಹುಲ್ಲಿನ ತುದಿಯ ಹನಿಗೆ ಕನ್ನಡದಲ್ಲಿ ಇಬ್ಬನಿ ಎಂಬ ಸೊಗಸಾದ ಹೆಸರುಂಟು. ದಟ್ಟ ಮಂಜಿಗೆ ಕಾವಳವೆಂಬ ಮಾತುಂಟು. ಆಕಾಶದಿಂದ ಬೀಳುವ ನೀರ್ಗಲ್ಲಿಗೆ ಆಲಿಕಲ್ಲು. ಹತ್ತಿಯಂತೆ ಮೆಲ್ಲನೆ ಉದುರುವ ಹಿಮಕ್ಕೆ ಮಾತ್ರ ಸಂಸ್ಕೃತದ ಪದವನ್ನೇ ಕಡ ತರಬೇಕಾಯಿತು. ಕಾಣದ ವಸ್ತುವಿಗೆ ಮನೆಮಾತಿನಲ್ಲಿ ಹೆಸರಿಡುವವರು ಯಾರು?

ಉದಕಮಂಡಲಕ್ಕೂ ಇಲ್ಲದ ಭಾಗ್ಯ

ಹಿಮ ಬೀಳಲು ಎತ್ತರವೊಂದೇ ಸಾಲದು. ಶಿಮ್ಲಾ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಉದಕಮಂಡಲದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 2,240 ಮೀಟರ್. ಶಿಮ್ಲಾದ ಮನೆಗಳ ಮಾಡುಗಳು ಚಳಿಗಾಲದಲ್ಲಿ ಹಿಮ ಹೊದೆಯುತ್ತವೆ. ಉದಕಮಂಡಲದ ಹುಲ್ಲುಗಾವಲುಗಳ ಮೇಲೆ ಕಾಣುವುದು ಹೆಪ್ಪುಗಟ್ಟಿದ ಇಬ್ಬನಿ ಮಾತ್ರ.

ಇದಕ್ಕೆ ಎರಡು ಕಾರಣಗಳಿವೆ. ಶಿಮ್ಲಾ ಸಮಭಾಜಕವೃತ್ತದಿಂದ 31 ಡಿಗ್ರಿ ಉತ್ತರದಲ್ಲಿದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳು 12 ಡಿಗ್ರಿಯ ಆಸುಪಾಸಿನಲ್ಲಿವೆ. ಡಿಸೆಂಬರಿನ ನಡುಹಗಲಿನಲ್ಲೂ ಇಲ್ಲಿ ಸೂರ್ಯ ಸಾಕಷ್ಟು ಮೇಲೇರಿ ನೆಲವನ್ನು ಕಾಯಿಸುತ್ತಾನೆ. ಎರಡನೆಯದಾಗಿ, ಉತ್ತರದ ಬೆಟ್ಟಗಳಿಗೆ ಚಳಿಗಾಲದಲ್ಲಿ ಪಶ್ಚಿಮದಿಂದ ತೇವ ಹೊತ್ತ ಮಾರುತಗಳು ಬರುತ್ತವೆ. ಚಳಿಯೂ ಮೋಡವೂ ಅಲ್ಲಿ ಒಟ್ಟಿಗೆ ಸೇರುತ್ತವೆ. ದಕ್ಷಿಣದಲ್ಲಿ ಈ ಎರಡಕ್ಕೂ ಹೊಂದಾಣಿಕೆಯೇ ಇಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳ ಹಿಂಗಾರಿನಲ್ಲಿ ಮೋಡವಿರುತ್ತದೆ, ಕೊರೆಯುವ ಚಳಿಯಿರುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಚಳಿ ಬರುತ್ತದೆ, ಮೋಡ ಚದುರಿಹೋಗಿರುತ್ತದೆ.

ಚದುರಿದ್ದರಿಂದಲೇ ಚಳಿ ಬರುತ್ತದೆಂಬುದು ಇಲ್ಲಿನ ಸ್ವಾರಸ್ಯ. ಹಗಲೆಲ್ಲ ಕಾದ ನೆಲ ರಾತ್ರಿಯಲ್ಲಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಕಾವನ್ನು ತಡೆದು ನೆಲಕ್ಕೇ ಮರಳಿಸುತ್ತದೆ. ನಕ್ಷತ್ರಗಳು ನಿಚ್ಚಳವಾಗಿ ಹೊಳೆಯುವ ರಾತ್ರಿಯಲ್ಲಿ ತಡೆಯುವವರಿಲ್ಲ. ಬೆಳಗಾಗುವಷ್ಟರಲ್ಲಿ ಹಲ್ಲು ಕಟಕಟಿಸುತ್ತದೆ. ಅಂದಮೇಲೆ ಈ ಸೀಮೆಯಲ್ಲಿ ಹಿಮಕ್ಕೆ ಬೇಕಾದ ಮೋಡ ಬಂದರೆ ಇರುಳಿನ ಚಳಿ ಓಡುತ್ತದೆ. ಚಳಿ ಬರಬೇಕಾದರೆ ಮೋಡ ಓಡಬೇಕು. ಹವ್ಯಾಸಿಗಳ ಆಸೆ ಈಡೇರದಿರುವುದಕ್ಕೆ ಈ ಒಗಟೇ ಮೂಲ.

ಎತ್ತರದ ಲೆಕ್ಕವೂ ಇದನ್ನೇ ಹೇಳುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ತಗ್ಗುತ್ತದೆ. ಕೊಳ್ಳೇಗಾಲ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಬಿಳಿಗಿರಿಯ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ಕತ್ತರಿಬೆಟ್ಟ ಸುಮಾರು 1,800 ಮೀಟರ್. ಅಂದರೆ ಪೇಟೆಗೂ ಶಿಖರಕ್ಕೂ ಎಂಟು ಡಿಗ್ರಿಯಷ್ಟು ಅಂತರ. ಹಿತವಾದ ಚಳಿಗೆ ಇಷ್ಟು ಸಾಕು. ಹಿಮಕ್ಕೆ ಏನೇನೂ ಸಾಲದು. ಸಮಭಾಜಕವೃತ್ತದ ಸಮೀಪದಲ್ಲಿದ್ದೂ ಆಫ್ರಿಕದ ಕಿಲಿಮಂಜಾರೋ ಹಿಮದ ಕಿರೀಟ ಧರಿಸಿದ್ದರೆ ಅದಕ್ಕೆ 5,895 ಮೀಟರಿನ ಎತ್ತರವೇ ಕಾರಣ.

ಎರಡು ತಟ್ಟೆಗಳ ಪರೀಕ್ಷೆ

ಈ ಮಾತನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಮಾಗಿಯ ಒಂದು ನಿರ್ಮಲ ರಾತ್ರಿಯಲ್ಲಿ ಒಂದು ತಟ್ಟೆಯನ್ನು ಬಯಲಿನಲ್ಲೂ ಇನ್ನೊಂದನ್ನು ದಟ್ಟವಾದ ಮರದ ಅಡಿಯಲ್ಲೂ ಇಡಬೇಕು. ಬೆಳಗ್ಗೆ ಬಯಲಿನ ತಟ್ಟೆಯ ಮೇಲೆ ಇಬ್ಬನಿ ಕೂಡಿರುತ್ತದೆ. ಮರದಡಿಯದು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಮೋಡ ಮಾಡುವ ಕೆಲಸವನ್ನು ಅಲ್ಲಿ ಎಲೆಗಳು ಮಾಡಿರುತ್ತವೆ.

ಇದೇ ಉಪಾಯದಿಂದ ಅಲಹಾಬಾದಿನಲ್ಲಿ ಹಿಂದೆ ಮಂಜುಗಡ್ಡೆ ಮಾಡುತ್ತಿದ್ದರು. ಹುಲ್ಲು ಹಾಸಿದ ತಗ್ಗುಗಳಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಗಳನ್ನು ಜೋಡಿಸಿ ನೀರು ತುಂಬಿಡುವರು. ಸುತ್ತಲಿನ ಗಾಳಿ ಸೊನ್ನೆಗೆ ಇಳಿಯದಿದ್ದರೂ ಬೆಳಗಿನ ಜಾವಕ್ಕೆ ನೀರಿನ ಮೇಲೆ ಗಡ್ಡೆ ಕಟ್ಟಿರುತ್ತಿತ್ತು. ಸರ್ ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಇದನ್ನು ಲಂಡನ್ನಿನ ವಿದ್ವಾಂಸರಿಗೆ ವರದಿ ಮಾಡಿದ.

ಇನ್ನು ಆಕಾಶದಿಂದ ಮಂಜುಗಡ್ಡೆಯೇ ಬೀಳುವ ಕಾಲವೊಂದು ಈ ಸೀಮೆಗೂ ಉಂಟು. ಆದರೆ ಅದು ಚಳಿಗಾಲದಲ್ಲಲ್ಲ, ಬೇಸಗೆಯಲ್ಲಿ! ಮಾರ್ಚಿಯಿಂದ ಮೇ ತಿಂಗಳವರೆಗೆ ಕಾದ ನೆಲದಿಂದ ಎದ್ದ ಗಾಳಿ ಮೋಡವನ್ನು ಮೈಲಿಗಟ್ಟಲೆ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹನಿಗಳು ಆಲಿಕಲ್ಲಾಗಿ ಸುರಿಯುತ್ತವೆ. ಅಂಗಳ ಬೆಳ್ಳಗಾದೊಡನೆ ಹಿಮ ಬಿತ್ತೆಂದು ಸುದ್ದಿ ಹಬ್ಬುವುದೂ, ಮಕ್ಕಳು ಪಾತ್ರೆ ಹಿಡಿದು ಓಡುವುದೂ ಸಹಜ. ಅದೇ ಹೊತ್ತಿನಲ್ಲಿ ಬಾಳೆಯ ತೋಟದವನು ಸೀಳಿಹೋದ ಎಲೆಗಳನ್ನು ನೋಡುತ್ತ ನಿಂತಿರುತ್ತಾನೆ.

ಹಿಮದ ನಾಡಿನಿಂದ ಹನೂರಿಗೆ

ಹಿಮ ಬೀಳದ ಈ ಸೀಮೆಯಲ್ಲಿ ಹಿಮವನ್ನು ಬಲ್ಲ ಜನವೂ ಇದ್ದಾರೆಂಬುದು ಎಷ್ಟೋ ಮಂದಿಗೆ ತಿಳಿಯದು. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ನರ ವಸತಿಯಿದೆ. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ತರುವಾಯ ಅವರ ಹಿಂದೆಯೇ ಸಾವಿರಾರು ಜನ ಗಡಿ ದಾಟಿದರು. ಅವರಿಗೆ ಕರ್ನಾಟಕ ನೆಲವಿತ್ತಿತು. ಮೊದಲು ಬೈಲುಕುಪ್ಪೆ, ಆಮೇಲೆ ಮುಂಡಗೋಡು, ಹುಣಸೂರು. 1970ರ ದಶಕದಲ್ಲಿ ಆಗಿನ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಈ ಒಡೆಯರಪಾಳ್ಯ.

ಟಿಬೆಟನ್ನರು ತಮ್ಮ ದೇಶವನ್ನು ಖಾವಾಚೆನ್, ಅಂದರೆ ಹಿಮವುಳ್ಳ ನಾಡು, ಎಂದು ಕರೆದುಕೊಳ್ಳುತ್ತಾರೆ. ಅವರ ಬಾವುಟದಲ್ಲಿ ಹಿಮದ ಪರ್ವತವಿದೆ, ಹಿಮಸಿಂಹಗಳಿವೆ. ಆ ಬಾವುಟವನ್ನು ಹಾರಿಸುವ ಕೈಗಳು ಇಲ್ಲಿ ಮಳೆಯನ್ನು ನಂಬಿ ಮುಸುಕಿನ ಜೋಳ ಬೆಳೆಯುತ್ತವೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹಿಮವೆಂದರೆ ಹಿರಿಯರ ಬಾಯಿಂದ ಕೇಳಿದ ಕಥೆ.

ಚಳಿಗಾಲದ ಮೇಲೆ ಇವರಿಟ್ಟ ಆಸೆ ಮಾತ್ರ ಬರಿಯ ಹವ್ಯಾಸವಲ್ಲ. ಜೋಳದ ಕೊಯ್ಲು ಮುಗಿದ ಮೇಲೆ ಭಾರತದ ಟಿಬೆಟನ್ ವಸತಿಗಳಿಂದ ಅನೇಕ ಕುಟುಂಬಗಳು ದೂರದ ಪಟ್ಟಣಗಳಿಗೆ ಸ್ವೆಟರ್ ಮಾರಲು ಹೊರಡುತ್ತವೆ. ಪಟ್ಟಣದ ಪಾದಚಾರಿ ದಾರಿಯಲ್ಲಿ, ಬಯಲಿನಲ್ಲಿ ಹೂಡಿದ ಸಾಲು ಮಳಿಗೆಗಳಲ್ಲಿ ಬಣ್ಣಬಣ್ಣದ ಉಣ್ಣೆಯ ಉಡುಪುಗಳನ್ನು ತೂಗುಹಾಕಿ ಕುಳಿತ ಇವರನ್ನು ವಾಚಕರು ಕಂಡೇ ಇರುತ್ತಾರೆ. ಮಾಲು ಬರುವುದು ಲೂಧಿಯಾನದ ಸಗಟು ವ್ಯಾಪಾರಿಗಳಿಂದ, ಬಹುಪಾಲು ಸಾಲದ ಮೇಲೆ. ವ್ಯಾಪಾರಕ್ಕೆ ಸಿಗುವ ಅವಧಿ ಮೂರು ನಾಲ್ಕು ತಿಂಗಳು. ಚಳಿ ಬಿಗಿಯಾಗಿ ಬಿದ್ದರೆ ಸಾಲ ತೀರಿ, ಮಕ್ಕಳ ಓದಿಗೆ ಹಣ ಉಳಿದು, ಲೋಸಾರ್ ಎಂಬ ಹೊಸವರ್ಷದ ಹಬ್ಬಕ್ಕೆ ನಗುನಗುತ್ತ ಮನೆಗೆ ಮರಳಬಹುದು. ಚಳಿ ಕೈಕೊಟ್ಟರೆ ಮಾರದೆ ಉಳಿದ ಗಂಟುಗಳನ್ನು ಕಟ್ಟಿಕೊಂಡು ಬರಬೇಕು. ಪತ್ರಿಕೆಯಲ್ಲಿ "ಈ ವರ್ಷ ಚಳಿ ಕಡಿಮೆ" ಎಂಬ ಸಾಲನ್ನು ಓದಿ ಪಟ್ಟಣಿಗರು ಪುಟ ತಿರುವುತ್ತಾರೆ. ಆ ಸಾಲಿನಲ್ಲಿ ಒಂದು ಮನೆಯ ವರ್ಷದ ಲೆಕ್ಕವೇ ಅಡಗಿರುತ್ತದೆ.

ಹುಳುವಿನ ಮನೆಯ ಚಳಿ

ಹನೂರಿನ ಕಡೆ ಚಳಿಗಾಗಿ ಹಾರೈಸುವವರಿದ್ದರೆ, ಕೊಳ್ಳೇಗಾಲ, ಯಳಂದೂರುಗಳ ಹಳ್ಳಿಗಳಲ್ಲಿ ಅದೇ ಚಳಿಯನ್ನು ಕಂಡು ಅಳುಕುವವರಿದ್ದಾರೆ. ಕೊಳ್ಳೇಗಾಲದ ರೇಷ್ಮೆಯ ಹೆಸರನ್ನು ಕೇಳದ ಗೃಹಿಣಿಯಿರಲಾರಳು. ಸೀರೆಯ ಆ ನುಣುಪಿನ ಹಿಂದೆ ಹುಳು ಸಾಕುವವರ ನಿದ್ರೆಗೆಟ್ಟ ರಾತ್ರಿಗಳಿವೆ.

ರೇಷ್ಮೆಹುಳು ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲಾರದು. ಚಾಕಿಯ ಎಳೆಯ ಹುಳುಗಳಿಗೆ 27, 28 ಡಿಗ್ರಿಯ ಹದ ಬೇಕು. ಬೆಳೆದ ಹುಳುಗಳಿಗೆ 24, 25 ಡಿಗ್ರಿ ಹಿತ. ಅದಕ್ಕಿಂತ ತೀರ ಇಳಿದರೆ ಹುಳು ಸೊಪ್ಪು ತಿನ್ನುವುದನ್ನು ಕಡಿಮೆ ಮಾಡುತ್ತದೆ. ನಾಲ್ಕು ವಾರದೊಳಗೆ ಮುಗಿಯಬೇಕಾದ ಸಾಕಣೆ ಮತ್ತಷ್ಟು ದಿನ ಎಳೆಯುತ್ತದೆ. ಸೊಪ್ಪಿನ ಖರ್ಚೂ ದುಡಿಮೆಯೂ ಏರುತ್ತವೆ. ಆದ್ದರಿಂದ ಮಾಗಿಯ ರಾತ್ರಿಗಳಲ್ಲಿ ಹುಳುವಿನ ಮನೆಯ ಕಿಟಕಿಗಳನ್ನು ಮುಚ್ಚಿ ಇದ್ದಲ ಒಲೆಯನ್ನೋ ವಿದ್ಯುತ್ ಒಲೆಯನ್ನೋ ಹಚ್ಚುತ್ತಾರೆ. ಕಾವು ಹೆಚ್ಚಿದರೆ ಸೊಪ್ಪು ಬಾಡುತ್ತದೆ. ಗಾಳಿ ಕಟ್ಟಿದರೆ ಹುಳು ನರಳುತ್ತದೆ. ಅರ್ಧರಾತ್ರಿಯಲ್ಲೆದ್ದು ಒಲೆಯನ್ನೂ ತಟ್ಟೆಗಳನ್ನೂ ನೋಡಿ ಬರುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿನದು.

ತಂಪಿಗೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗದ ಭಯ. ಒಂದು ಬಗೆಯ ಬೂಷ್ಟಿನಿಂದ ಬರುವ ಈ ರೋಗ ತಗುಲಿದ ಹುಳು ಸತ್ತು ಸೆಟೆದು, ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬೆಟ್ಟದ ಮೇಲಿನ ಪ್ರವಾಸಿ ಬಿಳುಪನ್ನು ಹುಡುಕುತ್ತ ನಿಂತಿರುವಾಗ, ಬೆಟ್ಟದ ಕೆಳಗಿನ ರೈತ ತಟ್ಟೆಯಲ್ಲಿ ಆ ಬಿಳುಪು ಕಾಣದಿರಲೆಂದು ಬೇಡಿಕೊಳ್ಳುತ್ತಿರುತ್ತಾನೆ. ಅವನಿಗೆ ಬೇಕಾದ ಬಿಳುಪು ಬೇರೆ: ಚಂದ್ರಿಕೆಯ ತುಂಬ ಹೂವಿನಂತೆ ಅರಳಿದ ಗೂಡು.

ಒಂದೇ ಚಳಿ ಒಬ್ಬನಿಗೆ ಅನ್ನವಾದರೆ ಇನ್ನೊಬ್ಬನಿಗೆ ನಷ್ಟ. ಇಬ್ಬರೂ ಬೇಡುವುದು ಮಿತವಾದ, ಕಾಲಕ್ಕೆ ಸರಿಯಾದ ಚಳಿಯನ್ನೇ. ಜಗತ್ತಿನ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಆ ಕ್ರಮ ತಪ್ಪದೆ ನಡೆದೀತೆಂದು ನೆಮ್ಮದಿಯಿಂದ ಇರುವಂತಿಲ್ಲ.

ಇದ್ದುದನ್ನು ಕಾಣುವ ಸುಖ

ಹಿಮ ಬೀಳದೆಂದು ಹವ್ಯಾಸಿಗಳು ಕೊರಗಬೇಕಾಗಿಲ್ಲ. ಈ ಸೀಮೆಯ ಮಾಗಿಗೆ ತನ್ನದೇ ಆದ ಸಂಪತ್ತುಂಟು. ಹಗಲು ಕುಗ್ಗುತ್ತಿದ್ದಂತೆ ನಾಟಿ ಅವರೆ ಹೂವಾಗುತ್ತದೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಹೆಚ್ಚೆಂಬುದು ಅಡುಗೆಮನೆಯ ನಂಬಿಕೆ. ರಾಗಿಯ ಮುದ್ದೆ, ಹಿದುಕಿದ ಅವರೆಬೇಳೆಯ ಸಾರು, ಒಲೆಯ ಮುಂದಿನ ಮಣೆ, ಇವುಗಳ ಮುಂದೆ ಶಿಮ್ಲಾದ ಹಿಮದ ನೆನಪು ಎಷ್ಟು ಹೊತ್ತು ನಿಂತೀತು?

ಶಿವರಾತ್ರಿ ಬಂದರೆ ಚಳಿ "ಶಿವ ಶಿವಾ" ಎಂದು ಹೊರಟುಹೋಗುತ್ತದೆಂಬುದು ಜನರ ಮಾತು. ಆ ವೇಳೆಗೆ ಮಲೆಮಹದೇಶ್ವರ ಬೆಟ್ಟದ ದಾರಿಯಲ್ಲಿ ಪರಿಸೆ ನೆರೆಯುತ್ತದೆ. ಹುಳುವಿನ ಮನೆಯ ಒಲೆ ಆರುತ್ತದೆ. ದೂರದ ಪಟ್ಟಣಗಳಿಂದ ಸ್ವೆಟರಿನವರು ಒಡೆಯರಪಾಳ್ಯಕ್ಕೆ ಮರಳುತ್ತಾರೆ. ಕೆಲವರ ಗಂಟು ಹಗುರವಾಗಿರುತ್ತದೆ, ಕೆಲವರದು ಭಾರವಾಗಿಯೇ ಇರುತ್ತದೆ. ಮುಂದಿನ ವರ್ಷದ ಚಳಿ ಹೇಗಿದ್ದೀತೆಂಬ ಮಾತು ಅಂದೇ ಮೊದಲಾಗುತ್ತದೆ.