ಮನೋಭಾವವನ್ನು ಅಳೆಯುವುದು ಹೇಗೆ?

ಬಟ್ಟೆಯನ್ನು ಮೀಟರಿನಿಂದಲೂ ಹಾಲನ್ನು ಲೀಟರಿನಿಂದಲೂ ನಾವು ಅಳೆಯುತ್ತೇವೆ. ಆದರೆ ಮನುಷ್ಯನ ಮನಸ್ಸಿನೊಳಗಿನ ಒಲವನ್ನು ಅಳೆಯುವ ಮಾನ ಯಾವುದು? ಈ ಪ್ರಶ್ನೆಯನ್ನು ಇಂದು ಎಷ್ಟೋ ವಿಶ್ವವಿದ್ಯಾನಿಲಯಗಳು ತಮ್ಮ ಆವರಣದೊಳಗೇ ಎತ್ತಿಕೊಂಡಿವೆ. ನೀರು, ವಿದ್ಯುತ್ತು, ಆಹಾರ, ಕಸ ಇವುಗಳ ವಿಷಯದಲ್ಲಿ ತಮ್ಮಲ್ಲಿ ಕಲಿಯುವವರೂ ಕಲಿಸುವವರೂ ಏನೆಂದು ಬಗೆಯುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅವು ಸಮೀಕ್ಷೆ ಮಾಡಿ ತಿಳಿಯಲು ಯತ್ನಿಸುತ್ತಿವೆ.

ಇಲ್ಲಿ ಬರುವ ಮುಖ್ಯ ಶಬ್ದ ಸುಸ್ಥಿರತೆ. ವಿಶ್ವಸಂಸ್ಥೆಯು ನೇಮಿಸಿದ್ದ ಬ್ರುಂಟ್‌ಲಾಂಡ್ ಆಯೋಗವು 1987ರಲ್ಲಿ ಇದಕ್ಕೊಂದು ಅರ್ಥವನ್ನು ನಿರ್ಣಯಿಸಿತು. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳಬೇಕು, ಆದರೆ ಮುಂದೆ ಹುಟ್ಟುವವರ ಅಗತ್ಯಕ್ಕೆ ಅದರಿಂದ ಕುಂದು ಬರಬಾರದು ಎಂಬುದೇ ಅದರ ಸಾರ. ನಮ್ಮ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿವಾಯಿತೆಂದು ಬಿತ್ತನೆಯ ಬೀಜವನ್ನೇ ಬೇಯಿಸಿ ಉಣ್ಣಬಾರದೆಂದು ಅವನು ಬಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅದು ಆನ್ ಆರ್ಬರ್ ಎಂಬ ಊರಿನಲ್ಲಿ ಹ್ಯೂರಾನ್ ನದಿಯ ಬಳಿಯಲ್ಲಿದೆ. ಅಲ್ಲಿಯ ತರುಣರಿಗೆ ಈ ವಿಷಯದಲ್ಲಿ ಆಸ್ಥೆ ಹೊಸದಲ್ಲ. 1970ರ ಮಾರ್ಚ್ ತಿಂಗಳಲ್ಲಿ ಅವರು ಪರಿಸರವನ್ನು ಕುರಿತು ದೊಡ್ಡದೊಂದು ಸಮಾವೇಶವನ್ನು ನಡೆಸಿ, ಹಳೆಯ ಮೋಟಾರು ಕಾರೊಂದನ್ನು ಅಪರಾಧಿಯೆಂದು ವಿಚಾರಣೆಗೆ ನಿಲ್ಲಿಸಿ, ಕೊನೆಗೆ ಸುತ್ತಿಗೆಗಳಿಂದ ಜಜ್ಜಿಬಿಟ್ಟರು! ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಸುತ್ತಿಗೆಯ ಪೆಟ್ಟಿನಿಂದ ಉತ್ಸಾಹದ ಅಳತೆ ತಿಳಿಯಬಹುದೇ ಹೊರತು, ನೋಡುತ್ತ ನಿಂತಿದ್ದ ಜನರ ಮನಸ್ಸು ತಿಳಿಯುವುದಿಲ್ಲ. 2011ರಲ್ಲಿ ಆ ವಿಶ್ವವಿದ್ಯಾನಿಲಯವು ಕೆಲವು ಗುರಿಗಳನ್ನು ಇಟ್ಟುಕೊಂಡಿತು. 2025ರೊಳಗೆ, 2006ರ ಪ್ರಮಾಣಕ್ಕಿಂತ ಬಿಸಿಲಾವರಣದ ಅನಿಲಗಳನ್ನು ಶೇಕಡಾ 25ರಷ್ಟೂ, ತಿಪ್ಪೆಗೆ ಹೋಗುವ ಕಸವನ್ನು ಶೇಕಡಾ 40ರಷ್ಟೂ ತಗ್ಗಿಸಬೇಕೆಂಬುದು ಅವುಗಳಲ್ಲಿ ಸೇರಿತ್ತು. ಯಂತ್ರಗಳನ್ನು ಬದಲಿಸಿದರಷ್ಟೇ ಇದು ಆಗುವ ಕೆಲಸವಲ್ಲ, ಜನರೂ ಬದಲಾಗಬೇಕು. ಆದಕಾರಣ 2012ರಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ಈ ಮೂರೂ ವರ್ಗದವರಿಗೆ ಪ್ರಶ್ನಾವಳಿಯನ್ನು ಕಳುಹಿಸಿದರು. ಮುಂದೆಯೂ ಹಲವು ಸಲ ಕಳುಹಿಸಿದರು.

ಈ ಕಾರ್ಯಕ್ಕೆ ಮಿಷಿಗನ್ ತಕ್ಕ ಸ್ಥಳವೂ ಹೌದು. ರೆನ್ಸಿಸ್ ಲೈಕರ್ಟ್ ಎಂಬ ವಿದ್ವಾಂಸರು 1946ರಲ್ಲಿ ಸಮೀಕ್ಷಾ ಸಂಶೋಧನ ಕೇಂದ್ರವನ್ನು ಕಟ್ಟಿದ್ದು ಅಲ್ಲಿಯೇ. ಮನೋಭಾವವನ್ನು ಅಳೆಯಲು ಇಂದು ಜಗತ್ತೆಲ್ಲ ಬಳಸುವ ಮಾನವನ್ನು ಅವರು 1932ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಪ್ರಕಟಿಸಿದ್ದರು. ಅದು ಬಹು ಸರಳವಾದದ್ದು. 'ನೀರನ್ನು ಮಿತವಾಗಿ ಬಳಸಬೇಕು' ಎಂಬ ಹೇಳಿಕೆಯನ್ನು ಮುಂದಿಟ್ಟು ಹೌದೋ ಅಲ್ಲವೋ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಪೂರ್ಣ ಒಪ್ಪಿಗೆ, ಒಪ್ಪಿಗೆ, ಎರಡೂ ಅಲ್ಲ, ಒಪ್ಪಿಗೆ ಇಲ್ಲ, ಸ್ವಲ್ಪವೂ ಒಪ್ಪಿಗೆ ಇಲ್ಲ ಎಂಬ ಐದು ಮೆಟ್ಟಿಲುಗಳನ್ನಿಟ್ಟು, ಒಂದೊಂದಕ್ಕೂ ಅಂಕ ಕೊಟ್ಟು, ಇಂಥ ಅನೇಕ ಹೇಳಿಕೆಗಳ ಅಂಕಗಳನ್ನು ಕೂಡಿಸಿದರೆ ಒಲವಿನ ತೀವ್ರತೆ ಗೋಚರಿಸುತ್ತದೆ.

ಪರಿಸರದ ವಿಷಯಕ್ಕಾಗಿಯೇ ಡನ್‌ಲ್ಯಾಪ್ ಮತ್ತು ವ್ಯಾನ್ ಲಿಯರ್ ಎಂಬ ಇಬ್ಬರು 1978ರಲ್ಲಿ 12 ಹೇಳಿಕೆಗಳ ಮಾನವೊಂದನ್ನು ರಚಿಸಿದರು. 2000ದಲ್ಲಿ ಅದನ್ನು ಪರಿಷ್ಕರಿಸಿದಾಗ ಹೇಳಿಕೆಗಳು 15 ಆದವು. ಇದರಲ್ಲಿ ಒಂದು ಜಾಣ್ಮೆಯಿದೆ. 8 ಹೇಳಿಕೆಗಳು ಪ್ರಕೃತಿಯ ಪರವಾಗಿದ್ದರೆ ಉಳಿದ 7 ವಿರುದ್ಧವಾಗಿವೆ. ಕೆಲವರಿಗೆ ಕೇಳಿದ್ದಕ್ಕೆಲ್ಲ 'ಹೌದು' ಎನ್ನುವ ಅಭ್ಯಾಸ, ತರಗತಿಯಲ್ಲಿ 'ತಿಳಿಯಿತೇ?' ಎಂದಾಗ ಬರುವ ಉತ್ತರದಿಂದ ನಾವು ಅಧ್ಯಾಪಕರು ಇದನ್ನು ಚೆನ್ನಾಗಿ ಬಲ್ಲೆವು. ಹೀಗೆ ಮಿಶ್ರವಾಗಿ ಕೇಳಿದರೆ ಅಂಥವರ ಅಂಕ ತಾನಾಗಿಯೇ ನಡುವಿಗೆ ಬಂದು ನಿಲ್ಲುತ್ತದೆ.

ಇನ್ನು ಯಾರನ್ನು ಕೇಳಬೇಕು? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಅನ್ನವೆಲ್ಲ ಒಂದೇ ನೀರಿನಲ್ಲಿ ಬೆಂದದ್ದು. ಮನುಷ್ಯರು ಹಾಗಲ್ಲ. ಗಿಡ ನೆಡುವ ಸಂಘದ ಬಾಗಿಲಲ್ಲಿ ನಿಂತು ಕೇಳಿದರೆ ಇಡೀ ವಿಶ್ವವಿದ್ಯಾನಿಲಯವೇ ವೃಕ್ಷಪ್ರೇಮಿಯೆಂದು ತೋರೀತು. ಆದುದರಿಂದ ಹೆಸರುಗಳ ಸಂಪೂರ್ಣ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಬೇಕು. ಹಾಗೆ ಆರಿಸಿದ 400 ಜನರ ಉತ್ತರವು, ಆವರಣದಲ್ಲಿ 5,000 ಜನರಿರಲಿ 50,000 ಜನರಿರಲಿ, ನೂರಕ್ಕೆ 95 ಸಲ ನಿಜದಿಂದ ಶೇಕಡಾ 5ಕ್ಕಿಂತ ಹೆಚ್ಚು ದೂರ ಸರಿಯದು. ಇದು ಗಣಿತದ ಮಾತು. ಆದರೆ ಆರಿಸಿದವರೆಲ್ಲರೂ ಉತ್ತರ ಕೊಡಬೇಕು. ಆಸಕ್ತರು ಮಾತ್ರ ಉತ್ತರಿಸಿ ಉಳಿದವರು ಕಾಗದವನ್ನು ಮಡಿಸಿಟ್ಟರೆ ಗಣಿತ ಏನೂ ಮಾಡಲಾರದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ನಮ್ಮ ಗಾದೆಯೇ ಆ ಪ್ರಶ್ನೆ. ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞರು 1930ರ ದಶಕದ ಮೊದಲಲ್ಲಿ ಚೀನಾದ ಯುವ ದಂಪತಿಗಳೊಡನೆ ಅಮೆರಿಕದಲ್ಲಿ ಸಂಚರಿಸಿದರು. ಚೀನೀಯರನ್ನು ಆಗ ಅಲ್ಲಿ ಕೀಳಾಗಿ ಕಾಣುತ್ತಿದ್ದರು. ಆದರೂ 250ಕ್ಕೂ ಹೆಚ್ಚು ವಸತಿಗೃಹ, ಭೋಜನಗೃಹಗಳಲ್ಲಿ ಅವರಿಗೆ ಪ್ರವೇಶ ಸಿಗದೆ ಹೋದದ್ದು ಒಂದೇ ಕಡೆ. ಕೆಲವು ತಿಂಗಳ ಬಳಿಕ ಅವೇ ಮನೆಗಳಿಗೆ, 'ಚೀನೀಯರಿಗೆ ಜಾಗ ಕೊಡುವಿರಾ?' ಎಂದು ಪತ್ರ ಬರೆದು ಕೇಳಿದರೆ, ಉತ್ತರಿಸಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು! ಇಲ್ಲಿ ನಡತೆ ಮಾತಿಗಿಂತ ಮೇಲಾಗಿತ್ತು. ಪರಿಸರದ ವಿಷಯದಲ್ಲಿ ಬಹುಮಟ್ಟಿಗೆ ಇದರ ತಲೆಕೆಳಗು: ಮಾತು ಮೇಲೆ, ನಡತೆ ಕೆಳಗೆ. ಮಿಷಿಗನ್ನಿನವರು ಅಭಿಪ್ರಾಯವನ್ನಷ್ಟೇ ಕೇಳದೆ, ಏನು ಬಲ್ಲಿರಿ, ಏನು ಮಾಡಿದಿರಿ, ಎಷ್ಟು ಸಲ ಮಾಡಿದಿರಿ ಎಂದೂ ಕೇಳಿದ್ದು ಇದಕ್ಕಾಗಿಯೇ.

ಅವರ ವರದಿಗಳಲ್ಲಿ ಕುತೂಹಲಕರವಾದ ಒಂದು ಸಂಗತಿಯಿದೆ. ನಡಿಗೆ, ಸೈಕಲ್ಲು, ಬಸ್ಸುಗಳಲ್ಲಿ ಓಡಾಡುವುದರಲ್ಲಿ ವಿದ್ಯಾರ್ಥಿಗಳು ಮುಂದು. ವಿದ್ಯುತ್ತನ್ನು ಉಳಿಸುವುದರಲ್ಲಿಯೂ ಕಸವನ್ನು ತಗ್ಗಿಸುವುದರಲ್ಲಿಯೂ ಅಧ್ಯಾಪಕರೂ ನೌಕರರೂ ಮುಂದು. ಇದರಿಂದ ಒಬ್ಬರು ಸಜ್ಜನರು, ಇನ್ನೊಬ್ಬರು ಅಲ್ಲ ಎನ್ನಬಹುದೇ? ನಮ್ಮ ಎಣಿಕೆಯಲ್ಲಿ ಹಾಗಲ್ಲ. ಆವರಣದ ಹತ್ತಿರವೇ ವಾಸಿಸುವವನು ನಡೆಯುತ್ತಾನೆ. ದೀಪದ ಬಿಲ್ಲನ್ನು ತಾನೇ ತೆರುವವನು ದೀಪವನ್ನು ಆರಿಸುತ್ತಾನೆ. ನಿಮ್ಮಲ್ಲಿ ಎಷ್ಟೋ ಮಂದಿ ವಾಸಿಸುವ ಮುಂಬಯಿಯ ಚಾಳುಗಳಲ್ಲಿ ನಲ್ಲಿಗೆ ನೀರು ಬರುವುದು ಸ್ವಲ್ಪ ಹೊತ್ತು ಮಾತ್ರ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರೂ ಒಂದೇ ಬಕೀಟಿನಲ್ಲಿ ಸ್ನಾನ ಮುಗಿಸಿದವರು. ಯಾವ ಪ್ರಶ್ನಾವಳಿಯೂ ಅವರನ್ನು ಪರಿಸರಪ್ರೇಮಿಗಳೆಂದು ಗುರುತಿಸಲಿಲ್ಲ. ಉಳ್ಳವರು ಬರೆದ ಪ್ರಶ್ನೆಗಳು ಒಬ್ಬನ ಆಯ್ಕೆಯನ್ನೂ ಇನ್ನೊಬ್ಬನ ಕೊರತೆಯನ್ನೂ ಬೇರ್ಪಡಿಸಿ ನೋಡದಿದ್ದರೆ ಆ ಅಂಕಗಳಿಗೆ ಅರ್ಥವಿಲ್ಲ.

ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಆ ಬಳಿಕ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯಕ್ರಮವನ್ನು ರೂಪಿಸಿತು. ನೀವು ಕಾಲೇಜು ಸೇರಿದಾಗ ಪರಿಸರ ವಿಷಯದ ಪರೀಕ್ಷೆಗೂ ಕೂರಬೇಕಾದೀತು. ಆದರೆ ಪರೀಕ್ಷೆಯಲ್ಲಿ ಬರೆದದ್ದು ಮನೋಭಾವವಲ್ಲವೆಂಬುದನ್ನು ನಿಮಗೆ ಹೇಳಬೇಕೇ!

ಅಲ್ಲಿಯವರೆಗೆ ಕಾಯದೆ ನಮ್ಮ ಶಾಲೆಯಲ್ಲಿಯೇ ಒಂದು ಚಿಕ್ಕ ಸಮೀಕ್ಷೆಯನ್ನು ನಡೆಸಬಹುದು. ಪ್ರತಿಯೊಂದು ತರಗತಿಯ ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಹತ್ತು ಮಂದಿಯನ್ನು ಆರಿಸಿರಿ. 'ಡಬ್ಬಿಯ ಅನ್ನವನ್ನು ಚೆಲ್ಲುವುದು ತಪ್ಪೇ?' ಎಂದು ಕೇಳುವುದರ ಜೊತೆಗೆ 'ಈ ವಾರ ಎಷ್ಟು ದಿನ ಚೆಲ್ಲಿದಿರಿ?' ಎಂದೂ ಕೇಳಿರಿ. ಒಂದು ವಾಕ್ಯದಲ್ಲಿ ಎರಡು ಪ್ರಶ್ನೆಗಳನ್ನು ತುರುಕಬೇಡಿರಿ. 'ನೀರನ್ನೂ ವಿದ್ಯುತ್ತನ್ನೂ ಉಳಿಸುತ್ತೀರಾ?' ಎಂದರೆ ಒಂದನ್ನು ಮಾತ್ರ ಉಳಿಸುವವನು ಏನೆಂದು ಉತ್ತರಿಸಬೇಕು? ಊಟದ ಬಿಡುವಿನ ಬಳಿಕ ಕಸದ ಡಬ್ಬಿಯಲ್ಲಿ ಬಿದ್ದ ಅನ್ನವನ್ನು ಒಂದು ವಾರ ತೂಗಿ ಬರೆದಿಡಿರಿ. ಗುಡಿಸುವ ಮಾವಶಿಯವರನ್ನು ಮರಾಠಿಯಲ್ಲಿ ಕೇಳಿರಿ, ಯಾವ ಮಹಡಿಯಲ್ಲಿ ಕಸ ಹೆಚ್ಚೆಂದು ಅವರಿಗೆ ತಿಳಿದಷ್ಟು ನಮಗಾರಿಗೂ ತಿಳಿಯದು. ಉತ್ತರದ ಹಾಳೆಯಲ್ಲಿ ಹೆಸರು ಬರೆಸಬೇಡಿರಿ, ತರಗತಿಯ ಹೆಸರಷ್ಟೇ ಇದ್ದರೆ ಸಾಕು. ಹಾಳೆಗಳನ್ನು ಹಾಕಲು ಬೀಗವಿರುವ ಪೆಟ್ಟಿಗೆಯೊಂದನ್ನು ಶಾಲೆಯ ಕಚೇರಿಯಲ್ಲಿ ಕೇಳಿ ಪಡೆಯಿರಿ.