ಓರೆಗಣ್ಣಲ್ಲಿ ನೆಬ್ಯುಲಾ ನೋಡೋದು

ಫೋನ್ ಕ್ಯಾಮೆರಾ ಇರುವಾಗ ಟೆಲಿಸ್ಕೋಪ್‌ ಮುಂದೆ ಪೆನ್ಸಿಲ್ ಯಾಕೆ ಅಂತ ಕೇಳ್ತೀರಿ. ಬಿಡಿಸೋಕೆ ಕೂತ್ರೆ ಕಣ್ಣಿಗೆ ಕಾಣೋದೇ ಜಾಸ್ತಿ ಆಗುತ್ತೆ, ಅದಕ್ಕೆ.

ನಮ್ಮ ತಾರಸಿಯಿಂದ ಓರಿಯನ್ ನೆಬ್ಯುಲಾ, ಅಂದ್ರೆ ಎಂ42, ಮೊದಲಿಗೆ ಬರೀ ಬೂದು ಮಬ್ಬು. ಕಣ್ಣು ಕತ್ತಲಿಗೆ ಹೊಂದೋಕೆ ಸುಮಾರು ಅರ್ಧ ಗಂಟೆ ಬೇಕು. ಒಂದು ವಾಟ್ಸಾಪ್ ಮೆಸೇಜ್ ನೋಡಿದ್ರೆ ಅಷ್ಟೂ ವೇಸ್ಟ್. ಹಾಳೆ ಮೇಲೆ ಮಂದ ಕೆಂಪು ಬೆಳಕು ಮಾತ್ರ. ಮಬ್ಬನ್ನ ನೇರ ನೋಡ್ಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕು ಹಿಡಿಯೋ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲ, ಅದರ ಸುತ್ತ ಇವೆ. ಮೊದಲು ನಕ್ಷತ್ರಗಳಿಗೆ ಚುಕ್ಕಿ ಇಡಿ, ಆಮೇಲೆ ಪೆನ್ಸಿಲ್ ಪುಡಿಯನ್ನ ಬೆರಳಲ್ಲಿ ಸವರಿ.

1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಎಂ51ರ ಸುರುಳಿಯನ್ನ ಕೈಯಲ್ಲೇ ಬಿಡಿಸಿದ್ರು. ಆ ಸುರುಳಿ ಫೋಟೋಗೆ ಸಿಕ್ಕಿದ್ದು ದಶಕಗಳ ನಂತರ.