ಗಾಳಿ ಅಲ್ಲ, ಚಿಮಣಿಗೇ ಬೆಂಕಿ ಬಿದ್ದಿತ್ತು

ಕಳೆದ ಡಿಸೆಂಬರ್‌ನಲ್ಲಿ ಮೂಡಿಗೆರೆ ಕಡೆ ಇರುವ ಚಿಕ್ಕಪ್ಪನ ಮನೆಯಲ್ಲಿ ಊಟ ಮುಗಿಸಿ ಕೂತಿದ್ವಿ. ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆ. ಹಳೇ ಇಟ್ಟಿಗೆ ಚಿಮಣಿಯೊಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಅಂದ್ರೆ ಲೈನರ್, ಇಳಿಸಿ ಕೆಳಗೆ ಸೌದೆ ಸ್ಟೌವ್ ಕೂರಿಸಿ ನಾಲ್ಕು ವರ್ಷವಾಗಿತ್ತು. ಇದ್ದಕ್ಕಿದ್ದಂತೆ ಗೋಡೆಯೊಳಗೆ ಲೋಡ್ ಲಾರಿ ಹೋದಂಥ ಸದ್ದು. "ಗಾಳಿ ಕಣೋ" ಅಂದ್ರು ಚಿಕ್ಕಪ್ಪ. ಸ್ವಲ್ಪ ಹೊತ್ತಿಗೆ ನಿಂತಿತು. ಬೆಳಿಗ್ಗೆ ಕೊಳವೆಯ ಬುಡದ ಮುಚ್ಚಳ ತೆಗೆದರೆ ಜೇನುಗೂಡಿನ ಹಾಗೆ ಉಬ್ಬಿದ ಕರಿ ಕಿಟ್ಟ. ಚಿಮಣಿಯ ಒಳಗೇ ಬೆಂಕಿ ಹೊತ್ತಿ ಆರಿತ್ತು.

"ಲೈನರ್ ಹಾಕ್ಸಿದೀನಲ್ಲೋ?" ಅನ್ನೋದು ಅವರ ಪ್ರಶ್ನೆ. ತಪ್ಪು ತಿಳಿವಳಿಕೆ ಇರೋದು ಇಲ್ಲೇ. ಬೆಂಕಿಯ ಶಾಖ ಇಟ್ಟಿಗೆಯ ಬಿರುಕಿಗೆ, ಅಲ್ಲಿಂದ ಮಾಡಿನ ಮರಕ್ಕೆ ತಾಗದಂತೆ ತಡೆಯೋದಷ್ಟೇ ಲೈನರ್ ಕೆಲಸ. ಮಸಿ ಕಟ್ಟೋದನ್ನ ಅದು ತಡೆಯಲ್ಲ.

ಸೌದೆ ಹೊಗೆಯಲ್ಲಿ ನೀರಾವಿ ಜೊತೆ ಸುಡದೇ ಉಳಿದ ಟಾರಿನ ಆವಿಯೂ ಇರುತ್ತೆ. ಕೊಳವೆಯ ಗೋಡೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದು ಅಲ್ಲೇ ಅಂಟಿಕೊಳ್ಳುತ್ತೆ. ಹೆಸರು ಕ್ರಿಯೋಸೋಟ್, ನಮ್ಮ ಅಡುಗೆಮನೆ ಮಾಡಿನ ಇಲ್ಲಣದ ಹತ್ತಿರದ ನೆಂಟ. ಮೊದಲು ಪುಡಿಯಂತೆ, ಆಮೇಲೆ ಗಟ್ಟಿ ಚಕ್ಕೆ, ಕೊನೆಗೆ ಅರಗು ಬಳಿದಂಥ ಹೊಳಪು. ಈ ಕೊನೆಯದು ಬ್ರಷ್‌ಗೆ ಬಗ್ಗಲ್ಲ. ಹೊತ್ತಿಕೊಂಡರೆ ಶಾಖ 1000 ಡಿಗ್ರಿ ದಾಟಬಹುದು. ಆಗ ಸ್ಟೌವ್ ಬಾಗಿಲು, ಗಾಳಿಕಿಂಡಿ ಮುಚ್ಚಿ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಬೇಕು. ನೀರು ಸುರಿಯಬಾರದು. ಗಾಳಿ ಅಂದ್ಕೊಂಡು ನಾವು ಒಳಗೇ ಕೂತಿದ್ವಿ, ಅದು ಬೇರೆ ಮಾತು.

ಚಿಕ್ಕಪ್ಪ ಉರಿಸ್ತಿದ್ದದ್ದು ಅದೇ ವರ್ಷ ಕಡಿದ ಸಿಲ್ವರ್ ಓಕ್, ಮಳೆಗಾಲವಿಡೀ ಟಾರ್ಪಾಲಿನಡಿ ಬೆವೆತಿದ್ದು. ಸೌದೆಯಲ್ಲಿ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಎರಡು ತುಂಡು ಕುಟ್ಟಿದರೆ ಒಣಗಿದ್ದು ಟಣ್ ಅನ್ನುತ್ತೆ, ಹಸಿಯದು ದಪ್ ಅನ್ನುತ್ತೆ. ಸಾಲದ್ದಕ್ಕೆ, ಬೆಳಗಿನತನಕ ಕೆಂಡ ಉಳೀಲಿ ಅಂತ ರಾತ್ರಿ ಗಾಳಿಕಿಂಡಿ ಮುಚ್ಚಿಬಿಡೋರು. ಹೊಗೆಯಾಡುವ ತಣ್ಣನೆ ಬೆಂಕಿಗಿಂತ ಒಳ್ಳೆ ಕ್ರಿಯೋಸೋಟ್ ಕಾರ್ಖಾನೆ ಇಲ್ಲ.

ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ಅನ್ನುತ್ತೆ. ಮಲೆನಾಡಿಗೆ ಎರಡು ಸಲ ಬೇಕು ಅಂತ ನನ್ನ ವಾದ. ಚಳಿ ಮುಗಿದು ಮಳೆ ಹಿಡಿಯೋ ಮೊದಲೇ ಕೊಳವೆ ಉಜ್ಜಬೇಕು. ಮಸಿಗೆ ನೀರು ಸೇರಿದರೆ ಆಮ್ಲವಾಗಿ ತಿಂಗಳುಗಟ್ಟಲೆ ಸ್ಟೀಲನ್ನು ತಿನ್ನುತ್ತೆ. ಮಳೆ ಬಿಟ್ಟ ಮೇಲೆ, ಮೊದಲ ಬೆಂಕಿಗೆ ಮುಂಚೆ, ಇನ್ನೊಮ್ಮೆ ನೋಡಬೇಕು. ಮೇಲಿನ ಟೋಪಿಯ ಜಾಲರಿ ಎಲ್ಲಕ್ಕಿಂತ ತಣ್ಣಗಿರೋ ಜಾಗ, ಮೊದಲು ಕಟ್ಟಿಕೊಳ್ಳೋದು ಅದೇ, ಹಕ್ಕಿಗೂಡೂ ಇರಬಹುದು. ದಾರಿ ಕಟ್ಟಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ಬರುತ್ತೆ. ಅದಕ್ಕೆ ಅಲಾರಂ ಇರಲಿ.

ಸ್ಟೌವ್ ಪೂರ್ತಿ ತಣ್ಣಗಾದ ಮೇಲೆ ಬುಡದ ಮುಚ್ಚಳದಿಂದ ಟಾರ್ಚ್ ಹಾಕಿ ಮೊಬೈಲಲ್ಲಿ ವಿಡಿಯೋ ತೆಗೆಯಿರಿ. ಪದರ 3 ಮಿಲಿಮೀಟರ್ ಮುಟ್ಟಿದ್ದರೆ ಉಜ್ಜಲೇಬೇಕು. ಬ್ರಷ್ ಲೈನರ್ ಅಳತೆಯದೇ ಇರಲಿ, ನೈಲಾನಿನದು. ಮಾಮೂಲಿ ಕಬ್ಬಿಣದ ತಂತಿಯದು ಗೀರುತ್ತೆ, ಅದರ ಚೂರು ತುಕ್ಕು ಹಿಡಿಸುತ್ತೆ.

ಇದು ಬಂಗಲೆಯವರ ಸಮಸ್ಯೆ ಮಾತ್ರ ಅಲ್ಲ. ಚಿಮಣಿ ಇರುವ ಸುಧಾರಿತ ಒಲೆಗಳನ್ನು ಒಡಿಶಾದ ಹಳ್ಳಿಗಳಿಗೆ ಕೊಟ್ಟು ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಹೆಂಗಸರು ಕುಡಿಯುವ ಹೊಗೆ ಕಡಿಮೆಯಾಯಿತು, ಎರಡನೇ ವರ್ಷಕ್ಕೆ ಆ ಲಾಭ ಕಾಣೆಯಾಯಿತು. ಸರಿಯಾಗಿ ಬಳಸಲಿಲ್ಲ, ನಿರ್ವಹಣೆ ಆಗಲಿಲ್ಲ. ಒಲೆ ಹಂಚೋಕೆ ಬಜೆಟ್ ಇರುತ್ತೆ. ಐದನೇ ತಿಂಗಳು ಬ್ರಷ್ ಹಿಡಿದು ಬರೋಕೆ ಯಾರೂ ಇರಲ್ಲ.

ಚಿಕ್ಕಪ್ಪನಿಗೂ ಅದೇ ಅನುಭವ. ಲೈನರ್ ಹಾಕಿದವರಿಗೆ ಫೋನ್ ಮಾಡಿದರೆ, "ಸರ್ವಿಸ್ ಇಲ್ಲ ಸಾರ್, ಬೇಕಾದ್ರೆ ಹೊಸದು ಹಾಕ್ತೀವಿ." ಕ್ಯಾಮೆರಾ ಇಳಿಸಿ ನೋಡಿದಾಗ ಒಂದು ಬೆಸುಗೆ ಬಾಯಿ ಬಿಟ್ಟಿತ್ತು. ಆ ಚಳಿಗಾಲ ಪೂರ್ತಿ ಸ್ಟೌವ್ ಹಚ್ಚಲಿಲ್ಲ. ಚಿಕ್ಕಮ್ಮ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ.